ಸಿವಿಲ್ ಕೇಸು ಹಾಕುವ ಮುಂಚೆ: ವಕೀಲರ ಕೆಲಸ ಯಾವುದು, ನಿಮ್ಮ ಕೆಲಸ ಯಾವುದು

ಮೊದಲ ಸಲ ಕೋರ್ಟಿಗೆ ಬಂದವರಿಗೆ ಕಾಣುವುದು ಇಷ್ಟು. ಬೆಂಚ್ ಕ್ಲರ್ಕ್ ಕೇಸಿನ ನಂಬರ್ ಕೂಗುತ್ತಾರೆ. ವಕೀಲರು ಎದ್ದು ಎರಡು ಮಾತು ಹೇಳುತ್ತಾರೆ. ಜಡ್ಜ್ ಮುಂದಿನ ತಾರೀಖು ಕೊಡುತ್ತಾರೆ. ಒಂದು ನಿಮಿಷವೂ ಆಗಿರುವುದಿಲ್ಲ. ಹೊರಗೆ ಬಂದ ಕಕ್ಷಿದಾರರ ಮುಖದಲ್ಲಿ ಒಂದೇ ಪ್ರಶ್ನೆ: ‘ಇಷ್ಟಕ್ಕಾ ಅಷ್ಟು ಫೀಸು?’

ಸಿವಿಲ್ ವಕೀಲರಿಗೆ ಬಾಯಿಗಿಂತ ಕಣ್ಣಿಗೆ, ಕೈಗೆ ಕೆಲಸ ಜಾಸ್ತಿ. ಕಾಗದ ಓದಬೇಕು, ತಾಳೆ ನೋಡಬೇಕು, ಬರೆಯಬೇಕು, ಗಡುವು ನೆನಪಿಡಬೇಕು. ಈ ಕೆಲಸದಲ್ಲಿ ಅರ್ಧಕ್ಕೆ ನೀವು ಕೊಡುವ ಮಾಹಿತಿಯೇ ಸಾಮಗ್ರಿ. ಅದು ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಎಂಥ ಹೆಸರಾಂತ ವಕೀಲರೂ ಏನೂ ಮಾಡಲಾರರು.

ಸುಮ್ನೆ ಎಲ್ಲ ಬಗೆಯ ಕೇಸುಗಳ ಬಗ್ಗೆ ಮೇಲುಮೇಲೆ ಹೇಳುವ ಬದಲು ಒಂದೇ ಉದಾಹರಣೆ ಹಿಡಿದು ಹೋಗೋಣ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ದಿನಾ ಕಾಣುವ ಕೇಸು ಇದು. ತಂದೆ ತೀರಿಕೊಂಡಿದ್ದಾರೆ. ಅಣ್ಣಂದಿರಿಬ್ಬರು ಜಮೀನನ್ನು ಪೌತಿ ಖಾತೆಯಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದಾರೆ. ಮದುವೆಯಾಗಿ ಬೇರೆ ಊರಿನಲ್ಲಿರುವ ತಂಗಿ ಪಾಲು ಕೇಳುತ್ತಿದ್ದಾರೆ. ಪಾಲು ವಿಭಾಗದ ದಾವೆ, ಆಡುಮಾತಿನಲ್ಲಿ ಪಾರ್ಟಿಷನ್ ಸೂಟ್.

ಹಂತ 1: ಮೊದಲ ಭೇಟಿ

ಬರಿಗೈಯಲ್ಲಿ ಹೋಗಬೇಡಿ. ಈಗಿನ ಪಹಣಿ, ಸಿಕ್ಕರೆ ಹಳೆಯ ಕೈಬರಹದ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ತಂದೆಯ ಮರಣ ಪ್ರಮಾಣಪತ್ರ, ವಂಶವೃಕ್ಷ, ಇಸಿ (ಆಸ್ತಿಯ ನೋಂದಾಯಿತ ವ್ಯವಹಾರಗಳ ಪಟ್ಟಿ) ಇವಿಷ್ಟು ಜೊತೆಗಿರಲಿ. ಮನೆ, ಸೈಟು ಇದ್ದರೆ ಅವುಗಳ ಖಾತಾ, ಕಂದಾಯ ರಸೀದಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ಹಳೆಯ ದಾಖಲೆ ತೆಗೆಸಲು ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ವಕೀಲರನ್ನು ನೋಡುವ ಮೊದಲೇ ಅರ್ಜಿ ಹಾಕಿಬಿಟ್ಟರೆ ಒಳ್ಳೆಯದು.

ವಕೀಲರು ಕೇಳುವ ಕೆಲವು ಪ್ರಶ್ನೆ ನಿಮಗೆ ವಿಚಿತ್ರ ಅನ್ನಿಸಬಹುದು. ‘ನಿಮ್ಮ ಮದುವೆ ಯಾವ ವರ್ಷ? ತಂದೆ ಯಾವಾಗ ತೀರಿದರು? ಊರ ಪಂಚಾಯ್ತಿಯಲ್ಲಿ ಏನಾದರೂ ಬರೆದಿದ್ದೀರಾ?’ ಇವಕ್ಕೆಲ್ಲ ಕಾರಣ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. ತಂದೆ 2005ರ ಸೆಪ್ಟೆಂಬರ್ 9ರಂದು ಬದುಕಿರಲೇಬೇಕು ಅನ್ನುವ ವಾದವೂ ಬಹಳ ಕಾಲ ನಡೆಯಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆಯಿತು: ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಆಗಿಹೋದ ವಿಭಾಗ, ಮಾರಾಟಗಳನ್ನು ಈಗ ಕೆದಕಲಾಗದು. ಅದಕ್ಕೇ ‘ಹಿಂದೆ ಪಾಲಾಗಿತ್ತು’ ಅನ್ನುವುದು ಅಣ್ಣಂದಿರ ಕಡೆಯ ಮೊದಲ ಉತ್ತರವಾಗಿರುತ್ತದೆ. ಬರೀ ಬಾಯಿಮಾತಿನ ಪಾಲು ಅಂದರೆ ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ.

ತಂದೆ ಸ್ವಂತ ದುಡಿಮೆಯಿಂದ ಕೊಂಡ ಆಸ್ತಿಯಾದರೆ ಲೆಕ್ಕ ಬೇರೆ. ಉಯಿಲು ಬರೆದಿದ್ದರೆ ಉಯಿಲಿನಂತೆ. ಇಲ್ಲದಿದ್ದರೆ ಮಕ್ಕಳಿಗೆ, ತಾಯಿಗೆ ಸಮಪಾಲು. ತಂದೆಯ ತಾಯಿ ಬದುಕಿದ್ದರೆ ಅಜ್ಜಿಗೂ ಒಂದು ಪಾಲು.

ಈಗ ಮುಖ್ಯ ಮಾತು. ನಿಮಗೆ ತೊಂದರೆ ತರುವ ಸಂಗತಿಯನ್ನೇ ಮೊದಲು ಹೇಳಿ. ಎಂದೋ ಒಂದು ದಿನ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಅಣ್ಣ ಸಹಿ ಹಾಕಿಸಿಕೊಂಡಿದ್ದರೆ, ಅದು ಹಕ್ಕು ಬಿಡುಗಡೆ ಪತ್ರವೇ ಆಗಿರಬಹುದು. ಅದನ್ನು ಮುಚ್ಚಿಟ್ಟರೆ ಎದುರು ಪಾರ್ಟಿ ಅದರ ಪ್ರತಿ ಹಾಜರುಪಡಿಸಿದ ದಿನ ನಿಮ್ಮ ಇಡೀ ಕೇಸಿನ ಬುಡ ಅಲ್ಲಾಡುತ್ತದೆ. ಮೊದಲೇ ಹೇಳಿದ್ದರೆ ಆ ಪತ್ರವನ್ನು ಪ್ರಶ್ನಿಸುವ ದಾರಿ ಇದೆಯಾ, ಅದಕ್ಕೆ ಗಡುವು ಮುಗಿದಿದೆಯಾ ಎಂದು ವಕೀಲರು ನೋಡುತ್ತಿದ್ದರು. ವಕೀಲರಿಗೆ ಹೇಳಿದ್ದು ಹೊರಗೆ ಹೋಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಕಕ್ಷಿದಾರರ ಮಾತಿಗೆ ಆ ರಕ್ಷಣೆ ಮುಂದುವರಿದಿದೆ.

ಗಡುವಿನ ವಿಷಯವನ್ನೂ ಇದೇ ಭೇಟಿಯಲ್ಲಿ ಇತ್ಯರ್ಥ ಮಾಡಿಕೊಳ್ಳಿ. ಕೊಟ್ಟ ಸಾಲ ವಸೂಲಿಗೆ ಸಾಮಾನ್ಯವಾಗಿ 3 ವರ್ಷ. ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟಿದ್ದಾರೆ ಎಂದು ಗೊತ್ತಾದ ಮೇಲೆ ಪಾಲು ಕೇಳಲು 12 ವರ್ಷ. ಮೇಲ್ಮನವಿ ತಡವಾದರೆ ಕಾರಣ ಹೇಳಿ ಕ್ಷಮೆ ಕೇಳಬಹುದು. ದಾವೆ ಹಾಕುವುದೇ ತಡವಾದರೆ ಆ ಸೌಲಭ್ಯ ಇಲ್ಲ. ‘ಮುಂದಿನ ವರ್ಷ ನೋಡೋಣ’ ಅಂದು ಕೈಬಿಟ್ಟ ಕೇಸುಗಳು ಹೀಗೇ ಮುಳುಗುತ್ತವೆ.

ಹಂತ 2: ಫೀಸು ಮತ್ತು ವಕಾಲತ್ತು

ಫೀಸಿನ ಮಾತಿಗೆ ಸಂಕೋಚ ಬೇಡ. ದಾವೆ ಬರೆಯುವುದು, ತಡೆಯಾಜ್ಞೆ ಅರ್ಜಿ, ಪ್ರತಿ ತಾರೀಖಿನ ಹಾಜರಿ, ಸಾಕ್ಷಿ ವಿಚಾರಣೆ, ಕೊನೆಯ ವಾದ ಎಲ್ಲ ಸೇರಿ ಎಷ್ಟು, ಹಂತಹಂತವಾಗಿ ಕೊಡುವುದಾದರೆ ಯಾವಾಗ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಕೋರ್ಟ್ ಶುಲ್ಕ, ಸಮನ್ಸ್ ಖರ್ಚು, ನಕಲು, ಕಮಿಷನರ್ (ಸ್ಥಳ ನೋಡಿ ವರದಿ ಕೊಡಲು ಕೋರ್ಟ್ ನೇಮಿಸುವವರು) ಫೀಸು ಇವು ಬೇರೆ. ಹಣ ಕೊಟ್ಟಾಗ ರಸೀದಿ ಕೇಳಿ, ಇಲ್ಲವೇ ಬ್ಯಾಂಕ್ ಮೂಲಕ ಕೊಡಿ. ‘ಗೆದ್ದ ಮೇಲೆ ಆಸ್ತಿಯಲ್ಲಿ ಇಷ್ಟು ಪರ್ಸೆಂಟ್ ಕೊಡಿ, ಈಗ ಏನೂ ಬೇಡ’ ಅನ್ನುವವರಿದ್ದಾರೆ. ಅದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ‘ನೂರಕ್ಕೆ ನೂರು ಗೆಲ್ಲಿಸುತ್ತೇನೆ’ ಅನ್ನುವವರಿಂದ ಇನ್ನೂ ದೂರ ಇರಿ.

ವಕಾಲತ್ತು ಅಂದರೆ ನಿಮ್ಮ ಪರವಾಗಿ ನಡೆದುಕೊಳ್ಳಲು ಕೊಡುವ ಅಧಿಕಾರ. ಅದಕ್ಕೆ ಸಹಿ ಹಾಕುವುದು ಸರಿ. ಆದರೆ ಅದರ ಜೊತೆ ಖಾಲಿ ಹಾಳೆಗಳಿಗೂ ಸಹಿ ಕೇಳಿದರೆ ಕೊಡಬೇಡಿ.

ಹಣದ ತೊಂದರೆ ಇದ್ದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. 1987ರ ಕಾನೂನಿನ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಮೊದಲಾದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ನಮ್ಮ ಉದಾಹರಣೆಯ ತಂಗಿಗೂ ಆ ಹಕ್ಕಿದೆ. ಸಹಾಯವಾಣಿ ಸಂಖ್ಯೆ 15100.

ಹಂತ 3: ನೋಟಿಸ್

ಪಾಲಿನ ಕೇಸಿಗೆ ಮೊದಲು ನೋಟಿಸ್ ಕೊಡಲೇಬೇಕೆಂದಿಲ್ಲ. ಕೊಟ್ಟರೆ ಕೆಲವು ಸಲ ಮಾತುಕತೆಗೆ ಬಾಗಿಲು ತೆರೆಯುತ್ತದೆ. ಕೆಲವು ಸಲ ಎದುರಿನವರು ಎಚ್ಚೆತ್ತು ಜಮೀನು ಮಾರಲು ಓಡಾಡುತ್ತಾರೆ. ಯಾವುದು ಆಗಬಹುದು ಎಂದು ಅಣ್ಣಂದಿರ ಸ್ವಭಾವ ಬಲ್ಲ ನೀವೇ ವಕೀಲರಿಗೆ ಹೇಳಬೇಕು. ಎದುರು ಪಾರ್ಟಿ ಸರ್ಕಾರವಾದರೆ ಮಾತ್ರ 2 ತಿಂಗಳ ನೋಟಿಸ್ ಕಡ್ಡಾಯ. ತುರ್ತು ಇದ್ದರೆ ಕೋರ್ಟಿನ ಅನುಮತಿ ಪಡೆದು ಬಿಡಬಹುದು. ನಿಮ್ಮ ಮೇಲೆಯೇ ಯಾರಾದರೂ ತಡೆಯಾಜ್ಞೆ ತರಬಹುದು ಅನ್ನುವ ಅನುಮಾನ ಇದ್ದರೆ ಕೇವಿಯಟ್ ಹಾಕಿಸಿ, ಅಂದರೆ ‘ನನ್ನ ಮಾತು ಕೇಳದೆ ಆದೇಶ ಕೊಡಬೇಡಿ’ ಎಂದು ಮೊದಲೇ ಕೊಡುವ ಅರ್ಜಿ. ಅದು 90 ದಿನ ಜೀವಂತ.

ಹಂತ 4: ವಾದಪತ್ರ

ನಿಮ್ಮ ಕೇಸು ಏನು, ಏನು ಬೇಕು ಎಂದು ಬರೆದು ಕೋರ್ಟಿಗೆ ಕೊಡುವ ಈ ಪತ್ರವೇ ಇಡೀ ಕೇಸಿನಲ್ಲಿ ಅತಿ ಮುಖ್ಯ ಕಾಗದ. ಇದರಲ್ಲಿ ಹೇಳದ ಸಂಗತಿಯನ್ನು ಆಮೇಲೆ ಸಾಕ್ಷಿಯಲ್ಲಿ ತುಂಬಲು ಬಿಡುವುದಿಲ್ಲ. ತಿದ್ದುಪಡಿಗೆ ಅವಕಾಶ ಇದೆ, ನಿಜ. ಆದರೆ ಸಾಕ್ಷಿ ವಿಚಾರಣೆ ಶುರುವಾದ ಮೇಲೆ ‘ಮೊದಲೇ ಯಾಕೆ ಹೇಳಲಿಲ್ಲ’ ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಬೇಕು.

ಪಾಲಿನ ಕೇಸಿನಲ್ಲಿ ವಕೀಲರು ಎರಡು ಪಟ್ಟಿ ತಯಾರಿಸುತ್ತಾರೆ. ಮೊದಲನೆಯದು ಪಾಲುದಾರರದ್ದು. ತೀರಿಹೋದ ಅಕ್ಕನ ಮಕ್ಕಳು ಎಲ್ಲೋ ಮುಂಬೈಯಲ್ಲಿದ್ದಾರೆ, ಅವರಿಗೆ ಆಸಕ್ತಿ ಇಲ್ಲ ಎಂದು ಬಿಡುವ ಹಾಗಿಲ್ಲ. ಒಬ್ಬ ಪಾಲುದಾರ ಬಿಟ್ಟುಹೋದರೂ ಎದುರಿನವರು ಅದನ್ನೇ ಹಿಡಿದು ದಾವೆ ವಜಾ ಮಾಡಿ ಅನ್ನುತ್ತಾರೆ. ಎರಡನೆಯದು ಆಸ್ತಿಗಳ ಷೆಡ್ಯೂಲ್. ಇದರಲ್ಲೂ ಎಲ್ಲ ಬರಬೇಕು, ನಿಮ್ಮ ಸ್ವಾಧೀನದಲ್ಲಿರುವ ಕುಟುಂಬದ ಆಸ್ತಿಯೂ ಸೇರಿ. ನಿಮಗೆ ಬೇಕಾದ ತೋಟ ಮಾತ್ರ ಸೇರಿಸಿ ಬಾಕಿ ಹೊಲ ಬಿಟ್ಟರೆ ನಡೆಯದು.

ಷೆಡ್ಯೂಲನ್ನು ನೀವೇ ಕೂತು ಓದಿ. ಸರ್ವೆ ನಂಬರ್, ಹಿಸ್ಸಾ, ಎಕರೆ ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ. ವಕೀಲರು ಜಮೀನು ನೋಡಿರುವುದಿಲ್ಲ, ನೀವು ನೋಡಿದ್ದೀರಿ. ಹಳೆಯ ಪತ್ರದಲ್ಲಿ ‘ಪೂರ್ವಕ್ಕೆ ಇಂಥವರ ಜಮೀನು’ ಎಂದಿರುತ್ತದೆ, ಅವರು ಮಾರಿ ಹೋಗಿ ಎಷ್ಟೋ ಕಾಲ ಆಗಿರುತ್ತದೆ. ಚಕ್ಕುಬಂದಿ ತಪ್ಪಾದರೆ ಗೆದ್ದ ಮೇಲೆ ಅಳತೆಗೆ ಬಂದ ಸರ್ವೆಯರ್ ‘ಇಂಥ ಜಾಗ ಇಲ್ಲಿಲ್ಲ’ ಅಂದುಬಿಡಬಹುದು.

ಕೋರ್ಟ್ ಶುಲ್ಕದ ಲೆಕ್ಕ ಕರ್ನಾಟಕದ 1958ರ ಕಾನೂನಿನಂತೆ. ನೀವೂ ಜಂಟಿ ಸ್ವಾಧೀನದಲ್ಲಿದ್ದೀರಿ ಎಂದಾದರೆ ನಿಗದಿಯಾದ ಸಣ್ಣ ಮೊತ್ತ ಸಾಕು. ನಿಮ್ಮನ್ನು ಪೂರ್ತಿ ಹೊರಗಿಟ್ಟಿದ್ದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ವ್ಯತ್ಯಾಸ ದೊಡ್ಡದು. ಹಾಗಾಗಿ ‘ಜಂಟಿ ಸ್ವಾಧೀನದಲ್ಲಿದ್ದೇನೆ’ ಅನ್ನುವ ಒಂದು ಸಾಲು ವಾದಪತ್ರದಲ್ಲಿ ಸುಮ್ನೆ ಬಂದಿರುವುದಿಲ್ಲ. ಅದನ್ನು ನಿಲ್ಲಿಸಿಕೊಳ್ಳುವ ಭಾರ ಸಾಕ್ಷಿ ಕಟ್ಟೆಯಲ್ಲಿ ನಿಮ್ಮ ಮೇಲೆ ಬೀಳುತ್ತದೆ.

ಇನ್ನೊಂದು. ಪಹಣಿ ಅಣ್ಣಂದಿರ ಹೆಸರಿಗೆ ಆಯಿತು ಎಂದು ಎದೆಗುಂದಬೇಡಿ. ಪಹಣಿಯಲ್ಲಿ ಇರುವುದು ನಿಜ ಎಂದು ಕೋರ್ಟ್ ಮೊದಲಿಗೆ ಊಹಿಸುತ್ತದೆ, ಆದರೆ ಬೇರೆ ಪುರಾವೆ ಕೊಟ್ಟು ಅದನ್ನು ಬೀಳಿಸಬಹುದು. ಮ್ಯುಟೇಶನ್ ಕಂದಾಯ ವಸೂಲಿಗಾಗಿ ಇರುವ ದಾಖಲೆ. ಬರೀ ಅದರಿಂದ ಯಾರೂ ಮಾಲೀಕರಾಗುವುದಿಲ್ಲ.

ಹಂತ 5: ತಡೆಯಾಜ್ಞೆ

ದಾವೆಯ ಜೊತೆಗೇ ‘ಐಎ’ (ಮಧ್ಯಂತರ ಅರ್ಜಿ) ಹಾಕುತ್ತಾರೆ. ಕೇಸು ಮುಗಿಯುವವರೆಗೆ ಜಮೀನು ಮಾರಬಾರದು ಎಂದು ಕೇಳುವ ಅರ್ಜಿ. ಜಡ್ಜ್ ಮೂರು ಸಂಗತಿ ನೋಡುತ್ತಾರೆ. ಮೇಲ್ನೋಟಕ್ಕೆ ನಿಮ್ಮ ಹಕ್ಕು ಕಾಣುತ್ತದೆಯೇ? ಆದೇಶ ಕೊಟ್ಟರೆ, ಕೊಡದಿದ್ದರೆ ಯಾರಿಗೆ ತೊಂದರೆ ಜಾಸ್ತಿ? ದುಡ್ಡಿನಿಂದ ತುಂಬಿಕೊಡಲಾಗದ ನಷ್ಟ ಆಗುತ್ತದೆಯೇ? ಎದುರಿನವರಿಗೆ ಹೇಳದೆ ಮೊದಲ ದಿನವೇ ಆದೇಶ ಕೊಡುವುದು ಅಪವಾದ. ‘ನಾಳೆ ರಿಜಿಸ್ಟ್ರೇಶನ್ ಇದೆ’ ಅನ್ನುವಂಥ ತುರ್ತನ್ನು ಕಾಗದದಲ್ಲಿ ತೋರಿಸಬೇಕು. ಹಾಗೆ ಆದೇಶ ಸಿಕ್ಕರೆ ಅದರ ಪ್ರತಿ, ಅರ್ಜಿ, ದಾಖಲೆಗಳನ್ನು ತಕ್ಷಣ ಎದುರಿನವರಿಗೆ ಕಳಿಸಿ ಕೋರ್ಟಿಗೆ ಪ್ರಮಾಣಪತ್ರ (ಅಫಿಡವಿಟ್, ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆ) ಕೊಡುವುದು ವಕೀಲರ ಕೆಲಸ. ಅದು ತಪ್ಪಿದರೆ ಆದೇಶಕ್ಕೇ ಕುತ್ತು.

ತಡೆಯಾಜ್ಞೆ ಸಿಗಲಿಲ್ಲ ಅಂದರೆ ಕೇಸು ಸೋತ ಹಾಗಲ್ಲ. ದಾವೆ ನಡೆಯುತ್ತಿರುವಾಗ ಅಣ್ಣ ಜಮೀನು ಮಾರಿದರೂ ಕೊಂಡವರು ಆ ದಾವೆಯ ತೀರ್ಪಿಗೆ ಕಟ್ಟುಬೀಳಬೇಕು.

ಹಂತ 6: ಸಮನ್ಸ್, ಎದುರಿನವರ ಉತ್ತರ

ಇಲ್ಲೇ ತಿಂಗಳುಗಟ್ಟಲೆ ಹೋಗುವುದು. ಎದುರಿನವರ ವಿಳಾಸ ಸರಿ ಇರಲಿ, ಪಿನ್ ಕೋಡ್ ಸಮೇತ. ಸಮನ್ಸ್ ಸಿಕ್ಕ ಮೇಲೆ ಪ್ರತಿವಾದಿಗೆ ಉತ್ತರ ಕೊಡಲು 30 ದಿನ. ಕಾರಣ ಇದ್ದರೆ ಕೋರ್ಟ್ 90 ದಿನದವರೆಗೆ ಬಿಡುತ್ತದೆ.

ಸಮನ್ಸ್ ನಿಮಗೇ ಬಂದಿದ್ದರೆ? ‘ತಗೊಳ್ಳದಿದ್ದರೆ ಕೇಸೇ ಇಲ್ಲ’ ಅನ್ನುವ ಹಳ್ಳಿ ಸಲಹೆ ಕೇಳಬೇಡಿ. ಸಮನ್ಸ್ ತರುವ ಕೋರ್ಟ್ ಅಮೀನ್ ಮನೆಬಾಗಿಲಿಗೆ ಅಂಟಿಸಿ ಹೋದರೂ ಜಾರಿಯಾದಂತೆ ಆಗಬಹುದು. ನೀವಿಲ್ಲದೆ ಏಕಪಕ್ಷೀಯ ತೀರ್ಪು ಬರುತ್ತದೆ. ಅದನ್ನು ರದ್ದು ಮಾಡಿ ಎಂದು ಕೇಳಲು ಸಿಗುವುದು 30 ದಿನ.

ಹಂತ 7: ವಿವಾದಾಂಶ, ರಾಜಿ

ಎರಡೂ ಕಡೆಯ ಕಾಗದ ನೋಡಿ ಜಡ್ಜ್ ವಿವಾದಾಂಶ ಬರೆಯುತ್ತಾರೆ. ಏನನ್ನು ಯಾರು ಸಾಬೀತು ಮಾಡಬೇಕು ಅನ್ನುವ ಪಟ್ಟಿ. ಅದರ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಮುಂದಿನದೆಲ್ಲ ಆ ಪಟ್ಟಿಯ ಸುತ್ತಲೇ.

ರಾಜಿಗೆ ಇದು ಒಳ್ಳೆಯ ಹೊತ್ತು. ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ಇದೆ. ಜಿಲ್ಲೆಗಳಲ್ಲೂ ಇವೆ. ಲೋಕ ಅದಾಲತ್ತಿನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್, ಮೇಲ್ಮನವಿಯೂ ಇಲ್ಲ. ಮೇಲ್ಮನವಿ ಇಲ್ಲ ಅನ್ನುವುದು ಎರಡು ಅಲಗಿನ ಮಾತು, ಅಲ್ವಾ? ರಾಜಿ ಅರ್ಜಿಯಲ್ಲಿ ಯಾರಿಗೆ ಯಾವ ದಿಕ್ಕಿನ ಎಷ್ಟು ಗುಂಟೆ, ಬಾವಿ ಯಾರಿಗೆ, ದಾರಿ ಎಲ್ಲಿ ಅನ್ನುವುದನ್ನು ನಕ್ಷೆ ಸಮೇತ ಬರೆಸಿದ ಮೇಲೆಯೇ ಸಹಿ ಹಾಕಿ. ದಾರಿಯ ಮಾತು ಬಿಟ್ಟುಹೋಗಿ ಮತ್ತೆ ಕೋರ್ಟಿಗೆ ಬರುವವರು ಬಹಳ ಜನ. ನನ್ನ ಅಭಿಪ್ರಾಯದಲ್ಲಿ ಅಣ್ಣ ತಂಗಿಯ ಕೇಸಿನಲ್ಲಿ ರಾಜಿಗೆ ಕೂರಿಸುವ ವಕೀಲರು ಮೆತ್ತಗಿನವರಲ್ಲ, ಲೆಕ್ಕ ಬಲ್ಲವರು.

ಹಂತ 8: ಸಾಕ್ಷಿ, ಪಾಟಿ ಸವಾಲು

ಮುಖ್ಯ ವಿಚಾರಣೆಯನ್ನು, ಅಂದರೆ ನಿಮ್ಮದೇ ಕಡೆಯ ಹೇಳಿಕೆಯನ್ನು, ಈಗ ಪ್ರಮಾಣಪತ್ರದ (ಅಫಿಡವಿಟ್) ಮೂಲಕವೇ ಕೊಡುತ್ತಾರೆ. ವಕೀಲರು ಟೈಪ್ ಮಾಡಿಸುತ್ತಾರೆ, ನೀವು ಸಹಿ ಹಾಕುತ್ತೀರಿ. ದಾಖಲೆಗಳಿಗೆ ಪಿ.1, ಪಿ.2 ಎಂದು ಗುರುತು ಬೀಳುತ್ತದೆ. ಜೆರಾಕ್ಸ್ ಸಾಲದು, ಅಸಲು ಅಥವಾ ದೃಢೀಕೃತ ನಕಲು ಬೇಕು. ವಾಟ್ಸಾಪ್ ಮೆಸೇಜು, ಕಾಲ್ ರೆಕಾರ್ಡಿಂಗ್ ತೋರಿಸುವುದಾದರೆ ಅದಕ್ಕೆ ಕಾನೂನು ಹೇಳಿದ ಸರ್ಟಿಫಿಕೇಟ್ ಲಗತ್ತಿಸಬೇಕು. ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ಆಮೇಲೆ ಎದುರು ವಕೀಲರ ಪಾಟಿ ಸವಾಲು. ಪಾಲಿನ ಕೇಸಿನಲ್ಲಿ ಅದು ಹೆಚ್ಚುಕಡಿಮೆ ಹೀಗಿರುತ್ತದೆ.

‘ಈ ಪ್ರಮಾಣಪತ್ರ ಬರೆದವರು ಯಾರು?’
‘ನಮ್ಮ ವಕೀಲರು.’
‘ಓದಿ ಸಹಿ ಮಾಡಿದಿರಾ?’
‘ಇಲ್ಲ ಸಾರ್, ಹಾಕಿ ಅಂದರು, ಹಾಕಿದೆ.’

ಈ ಒಂದು ಉತ್ತರಕ್ಕೆ ಎದುರು ವಕೀಲರ ಮುಖ ಅರಳುತ್ತದೆ. ಓದಿ ಹಾಕಿದ್ದರೆ ‘ಹೌದು’ ಅನ್ನಬಹುದಿತ್ತು.

‘ನಿಮ್ಮ ಮದುವೆಗೆ ಅಣ್ಣಂದಿರೇ ಖರ್ಚು ಮಾಡಿ ಚಿನ್ನ ಹಾಕಿದ್ದಾರೆ, ಅದಕ್ಕೇ ಪಾಲು ಬೇಡ ಅಂದಿದ್ದಿರಿ ಅಂದರೆ ಸರಿಯೇ?’

ಇದರಲ್ಲಿ ಎರಡು ಮಾತು ಹೆಣೆದಿದೆ. ಖರ್ಚು ಮಾಡಿದ್ದು ನಿಜ ಇರಬಹುದು, ಪಾಲು ಬೇಡ ಅಂದದ್ದು ಸುಳ್ಳು ಇರಬಹುದು. ಒಟ್ಟಿಗೆ ‘ಹೌದು’ ಅನ್ನಬೇಡಿ. ‘ಖರ್ಚು ಮಾಡಿದ್ದು ಹೌದು, ಪಾಲು ಬೇಡ ಅಂದಿಲ್ಲ’ ಎಂದು ಬಿಡಿಸಿ ಹೇಳಿ. ಕನ್ನಡದಲ್ಲಿ ಟೈಪಾಗುವ ಹೇಳಿಕೆಯಲ್ಲಿ ಅದು ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂದು ಕೂರುತ್ತದೆ. ಕೊನೆಗೆ ಸಹಿ ಹಾಕುವ ಮುಂಚೆ ಆ ಎರಡನ್ನೂ ಕಣ್ಣಿಟ್ಟು ನೋಡಿ. ಒಂದು ‘ಅಲ್ಲ’ ಬಿಟ್ಟುಹೋಗಿದ್ದರೆ ಅಲ್ಲೇ ಹೇಳಿ ಸರಿಪಡಿಸಿಕೊಳ್ಳಿ.

‘ತಂದೆ ತೀರಿದ ಮೇಲೆ ಕಂದಾಯ ಕಟ್ಟಿದ್ದು, ಬೆಳೆ ತೆಗೆದದ್ದು ಅಣ್ಣಂದಿರೇ?’

ಇಲ್ಲಿ ಆ ‘ಜಂಟಿ ಸ್ವಾಧೀನ’ದ ಸಾಲು ಅಲ್ಲಾಡಿಸುವ ಪ್ರಯತ್ನ ನಡೆದಿದೆ. ಉತ್ತರ ನಿಜವಾದದ್ದೇ ಇರಲಿ. ಆದರೆ ಪೂರ್ತಿ ಇರಲಿ. ಹಬ್ಬಕ್ಕೆ ತವರಿಗೆ ಹೋದಾಗ ಒಂದು ಚೀಲ ರಾಗಿ, ತೋಟದ ಕಾಯಿ ಕೊಟ್ಟು ಕಳಿಸುತ್ತಿದ್ದರಾ? ಹಾಗಿದ್ದರೆ ಅದು ಬರೀ ಪ್ರೀತಿಯ ಮಾತಲ್ಲ, ಬೆಳೆಯಲ್ಲಿ ನಿಮಗೂ ಭಾಗ ಬರುತ್ತಿತ್ತು ಅನ್ನುವುದಕ್ಕೆ ಪುರಾವೆ. ಒಳ್ಳೆಯ ವಕೀಲರು ಸಾಕ್ಷಿಯ ಹಿಂದಿನ ದಿನ ನಿಮ್ಮನ್ನು ಕೂರಿಸಿಕೊಂಡು ಇಂಥ ನೆನಪುಗಳನ್ನು ಕೆದಕುತ್ತಾರೆ. ಏನು ಹೇಳಬೇಕೆಂದು ಬಾಯಿಪಾಠ ಮಾಡಿಸುವುದಿಲ್ಲ, ಮಾಡಿಸಲೂಬಾರದು. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಅನ್ನಿ. ಎಕರೆ, ಇಸವಿ ಊಹೆ ಮಾಡಿ ಹೇಳಬೇಡಿ.

ವಿಚಾರಣೆ ನಡೆಯುವಾಗ ಒಂದು ಕಡೆಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡಬಾರದೆಂದು ಕಾನೂನಿನಲ್ಲಿದೆ. ನಡೆಯುವುದು ಹಾಗಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ನಿಮ್ಮ ಸಾಕ್ಷಿಯ ದಿನ ನೀವು ತಪ್ಪಿಸಿಕೊಳ್ಳಬೇಡಿ.

ಹಂತ 9: ತೀರ್ಪು ಬಂದ ಮೇಲೆ

ವಾದ ಮುಗಿದು ತೀರ್ಪು ಬಂತು. ಪಾಲುದಾರರು ಅಣ್ಣಂದಿರಿಬ್ಬರು, ತಂಗಿ ಮೂವರೇ ಆಗಿದ್ದು, ತಂಗಿಗೆ ಮೂರನೇ ಒಂದು ಪಾಲು ಎಂದಾಯಿತು ಅಂದುಕೊಳ್ಳಿ. ಜನ ಸಿಹಿ ಹಂಚುತ್ತಾರೆ. ಜಮೀನು ಇನ್ನೂ ಕೈಗೆ ಬಂದಿಲ್ಲ. ಇದು ಪ್ರಾಥಮಿಕ ಡಿಕ್ರಿ, ಪಾಲು ಎಷ್ಟು ಎಂದಷ್ಟೇ ಹೇಳುತ್ತದೆ. ಎಲ್ಲಿಂದ ಎಲ್ಲಿಯವರೆಗೆ ಯಾರಿಗೆ ಎಂದು ಅಳೆದು ಹೇಳುವುದು ಅಂತಿಮ ಡಿಕ್ರಿ. ಕಂದಾಯದ ಜಮೀನಾದರೆ ಹಂಚಿಕೆ ಕಂದಾಯ ಅಧಿಕಾರಿಗಳ ಮೂಲಕ, ಮನೆ ಸೈಟಿಗೆ ಕೋರ್ಟ್ ಕಮಿಷನರ್ ಮೂಲಕ. ಅಂತಿಮ ಡಿಕ್ರಿಗೆ ಬೇರೆ ಅರ್ಜಿ ಬರಲಿ ಎಂದು ಕಾಯದೆ ಕೋರ್ಟೇ ಮುಂದುವರಿಯಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ಸುಮ್ಮನೆ ಕೂರಬೇಡಿ. ‘ಅಂತಿಮ ಡಿಕ್ರಿ ಯಾವ ಹಂತದಲ್ಲಿದೆ?’ ಎಂದು ಕೇಳುತ್ತಲೇ ಇರಿ. ಅಣ್ಣಂದಿರು ಬಿಟ್ಟುಕೊಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಎಂದು ಕೋರ್ಟಿಗೆ ಕೇಳುವ ಅರ್ಜಿ. ಅಮಲ್ಜಾರಿಯನ್ನು 6 ತಿಂಗಳಲ್ಲಿ ಮುಗಿಸಬೇಕೆಂದು 2021ರಲ್ಲಿ ಬೆಂಗಳೂರಿನದೇ ಒಂದು ಆಸ್ತಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಿಮ್ಮ ವಕೀಲರು ಜಡ್ಜ್ ಮುಂದೆ ನೆನಪಿಸಬಹುದು.

ಸೋತರೆ ತೀರ್ಪಿನ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಮೇಲ್ಮನವಿಗೆ 30 ದಿನ, ಹೈಕೋರ್ಟಿಗೆ 90 ದಿನ. ನಕಲು ಸಿಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಹೈಕೋರ್ಟಿಗೆ ಹೋಗುವ ಕೇಸಾದರೆ ನಿಮ್ಮ ಜಿಲ್ಲೆಗೆ ತಕ್ಕಂತೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಕೆಳಗಿನ ತೀರ್ಪು ನಿಲ್ಲುವುದಿಲ್ಲ. ಸ್ಟೇ ಬೇರೆಯಾಗಿ ಕೇಳಬೇಕು.

ನಡುವೆ ವಕೀಲರ ಮೇಲೆ ನಿಗಾ

ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಸಿಎನ್ಆರ್ ನಂಬರ್ ಇರುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ಗೆ ಹಾಕಿದರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು, ಎಲ್ಲ ಫೋನಿನಲ್ಲೇ. ‘ಏನಾಯ್ತು ಸಾರ್?’ ಎಂದು ದಿನಾ ಫೋನ್ ಮಾಡುವ ಬದಲು ಅದನ್ನು ನೋಡಿ, ಅರ್ಥವಾಗದ್ದನ್ನು ಮಾತ್ರ ಕೇಳಿ. ಸಂಜೆ ಆರರ ಮೇಲೆ ಆಫೀಸಿಗೆ ಹೋದರೆ ಉತ್ತರ ಸಿಗುತ್ತದೆ. ಬೆಳಗ್ಗೆ ಕೋರ್ಟ್ ಹಾಲಿನ ಬಾಗಿಲಲ್ಲಿ ಹಿಡಿದರೆ ಸಿಗುವುದಿಲ್ಲ.

ತಾರೀಖುಗಳಿಗೆ ಹಾಜರಾಗುತ್ತಿಲ್ಲ, ಕಾಗದ ಹಾಕುತ್ತಿಲ್ಲ ಎಂದು ಖಾತ್ರಿಯಾದರೆ ವಕೀಲರನ್ನು ಬದಲಾಯಿಸುವ ಹಕ್ಕು ನಿಮಗಿದೆ. ವಾಡಿಕೆಯಂತೆ ಹಳೆಯ ವಕೀಲರಿಂದ ‘ಎನ್‌ಓಸಿ’ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತರಲು ಹೇಳುತ್ತಾರೆ. ಫೀಸು ಬಾಕಿ ಇದೆ ಎಂದು ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ವಕೀಲರ ಸೇವೆ ಗ್ರಾಹಕರ ಕಾನೂನಿನಡಿ ಬರುವುದಿಲ್ಲ ಎಂದು 2024ರಲ್ಲಿ ತೀರ್ಪಾಗಿರುವುದರಿಂದ ಗ್ರಾಹಕರ ಆಯೋಗಕ್ಕೆ ಹೋಗಿ ಪ್ರಯೋಜನವಿಲ್ಲ. ನಡತೆಯ ದೂರು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಕೊಡಬೇಕು. ಬದಲಾಯಿಸುವ ಮುಂಚೆ ಮುಂದಿನ ತಾರೀಖು ಯಾವುದಕ್ಕೆ ಇದೆ ನೋಡಿ. ಪಾಟಿ ಸವಾಲಿನ ಹಿಂದಿನ ದಿನ ಹೊಸಬರ ಕೈಗೆ ಫೈಲು ಕೊಡಬೇಡಿ. ಫೈಲು ವಾಪಸ್ ಪಡೆಯುವಾಗ ಅಸಲು ಪತ್ರಗಳನ್ನು ಒಂದೊಂದಾಗಿ ಪಟ್ಟಿ ಮಾಡಿ, ಪಟ್ಟಿಗೆ ಇಬ್ಬರೂ ಸಹಿ ಹಾಕಿ.